ಎಣ್ಣೆಗೆ ತೂತಿನ ಪುಡಿ ಹಾಕಿದೆ, ಅನಿಲ ಹೀರಲೇ ಇಲ್ಲ. ಪೋರಸ್ ಲಿಕ್ವಿಡ್ ಮಾಡಿದವರು ಯಾರಾದರೂ ಇದ್ದೀರಾ?

ರಸಾಯನಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಮಾಡಿದ್ದು ಇಷ್ಟು. ಜಿಂಕ್ ನೈಟ್ರೇಟ್ ಮತ್ತು 2-ಮೀಥೈಲ್‌ಇಮಿಡಜೋಲ್ ಎರಡನ್ನೂ ಬೇರೆಬೇರೆ ಮೆಥನಾಲ್‌ನಲ್ಲಿ ಕರಗಿಸಿ ಬೆರೆಸಿದೆ. ಒಂದು ಗಂಟೆ ಕಲಕಿದ ಮೇಲೆ ಹಾಲಿನ ಹಾಗೆ ಬೆಳ್ಳಗಾಯಿತು. ಅದೇ ಜಿಫ್-8, ಮೈಯೆಲ್ಲ ತೂತಿರುವ ಹರಳು. ಸೆಂಟ್ರಿಫ್ಯೂಜ್ ಮಾಡಿ (ಗಿರಗಿರ ತಿರುಗಿಸಿ ಪುಡಿಯನ್ನು ತಳಕ್ಕೆ ಕೂರಿಸಿ), ಮೆಥನಾಲ್‌ನಲ್ಲಿ ಎರಡು ಸಲ ತೊಳೆದು, 60 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿದೆ. ಆಮೇಲೆ 10 ಗ್ರಾಂ ಪುಡಿಯನ್ನು 90 ಗ್ರಾಂ ಸಿಲಿಕೋನ್ ಎಣ್ಣೆಯಲ್ಲಿ ಬೆರೆಸಿದೆ.

ಲೆಕ್ಕ ಹೀಗಿತ್ತು: 25 ಡಿಗ್ರಿ, 1 ಬಾರ್ ಒತ್ತಡದಲ್ಲಿ ಅಷ್ಟು ಎಣ್ಣೆ ಒಂದೇ ಸುಮಾರು 5 ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ) ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಳ್ಳಬೇಕು. 10 ಗ್ರಾಂ ಜಿಫ್-8 ಇನ್ನೊಂದು ಏಳೂವರೆ ಹಿಡಿಯಬೇಕು. ಒಟ್ಟು 12-13. ನನಗೆ ಸಿಕ್ಕಿದ್ದು 5 ಚಿಲ್ಲರೆ. ಮೂರು ಸಲ ಮಾಡಿದರೂ ಅಷ್ಟೇ. ಪುಡಿ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಎಣ್ಣೆ ತೂತಿನೊಳಗೆ ನುಗ್ಗಿಬಿಟ್ಟಿದೆಯಾ? ಗೈಡ್ ಅಂತೂ "ಇನ್ನೊಂದ್ಸಲ ಮಾಡು" ಅಂತಾರೆ.

ಸುಮ್ನೆ_ಓದುಗ
ಅಕ್ಕಾ, ಮೊದಲು ನಮ್ಮಂಥವರಿಗೆ ಒಂದು ಸಾಲಿನಲ್ಲಿ ಹೇಳಿ. ದ್ರವದಲ್ಲಿ ತೂತು ಅಂದರೇನು? ಇಡ್ಲಿಯಲ್ಲಿ ತೂತಿರುತ್ತೆ, ಸ್ಪಂಜಿನಲ್ಲಿ ಇರುತ್ತೆ. ನೀರಿನಲ್ಲಿ ತೂತು ಕೊರೆದರೆ ಅದು ಮುಚ್ಚಿಕೊಳ್ಳಲ್ವಾ?

ಬೆಲ್‌ಫಾಸ್ಟ್_ಮಳೆ
ಒಳ್ಳೆ ಪ್ರಶ್ನೆ. ಮುಚ್ಚಿಕೊಳ್ಳುತ್ತೆ. ಮಾಮೂಲಿ ದ್ರವದಲ್ಲಿ ಅಣುಗಳ ನಡುವೆ ಸಣ್ಣ ಸಂದು ಆಗುತ್ತೆ, ಮರುಕ್ಷಣ ಹೋಗುತ್ತೆ. ಸೋಡಾದಲ್ಲಿ ಅನಿಲ ಕೂರುವುದು ಅಂಥ ಸಂದಿನಲ್ಲೇ. ಇಲ್ಲಿ ಬೇಕಾಗಿರುವುದು ಮುಚ್ಚಿಕೊಳ್ಳದ ತೂತು.

ಅಡಿಕೆ ಚೀಲದೊಳಗೆ ಕಾಸು ಕೂಡಿಡುವ ಮಣ್ಣಿನ ಹುಂಡಿಗಳನ್ನು ಹೂತಿಟ್ಟಿದ್ದೀರಿ ಅಂದುಕೊಳ್ಳಿ. ಹುಂಡಿಯ ಸೀಳು ಸಣ್ಣದು. ಚೀಲ ಎಷ್ಟು ಅಲ್ಲಾಡಿಸಿದರೂ ಅಡಿಕೆ ಒಳಗೆ ಹೋಗಲ್ಲ. ಸಾಸಿವೆ ಸುರಿದರೆ ಮಾತ್ರ ಸಲೀಸಾಗಿ ಹೋಗಿ ಕೂರುತ್ತೆ. ಅಡಿಕೆ ಅಂದರೆ ದ್ರವದ ಅಣು, ಸಾಸಿವೆ ಅಂದರೆ ಅನಿಲ, ಹುಂಡಿ ಅಂದರೆ ತೂತಿನ ಅಣು ಅಥವಾ ಹರಳು. ಚೀಲ ಬಗ್ಗಿಸಿದರೆ ಹುಂಡಿ ಸಮೇತ ಎಲ್ಲವೂ ಹರಿಯುತ್ತೆ.

ನಾನಿರುವ ಊರಿನ ಕ್ವೀನ್ಸ್ ಯೂನಿವರ್ಸಿಟಿಯ ಸ್ಟುವರ್ಟ್ ಜೇಮ್ಸ್ ಮತ್ತು ಜೊತೆಯವರು 2007ರಲ್ಲಿ ಇದನ್ನು ಬರೀ ಕಲ್ಪನೆಯಾಗಿ ಬರೆದರು. ಕೈಯಲ್ಲಿ ದ್ರವ ಇರಲಿಲ್ಲ. ತೋರಿಸಲು 2015 ಆಯಿತು, 'ನೇಚರ್' ಪತ್ರಿಕೆಯಲ್ಲಿ ಬಂತು. ಪಂಜರದಂಥ ಅಣುವಿನ ಹೊರಮೈಗೆ ಕ್ರೌನ್ ಈಥರ್ ಅನ್ನುವ ಉಂಗುರದಂಥ ಅಣು ಕಟ್ಟಿ, ಅದನ್ನು 15-ಕ್ರೌನ್-5 ಅನ್ನುವ ದ್ರವದಲ್ಲಿ ಕರಗಿಸಿದರು. ಒಂದು ಪಂಜರಕ್ಕೆ ಬರೀ 12 ದ್ರಾವಕದ ಅಣು. ದ್ರಾವಕ ದಪ್ಪ, ಕಿಟಕಿಯೊಳಗೆ ಹೋಗಲ್ಲ. ಬರೀ ದ್ರಾವಕಕ್ಕಿಂತ ಮೀಥೇನ್ ಸುಮಾರು 8 ಪಟ್ಟು ಜಾಸ್ತಿ ಕರಗಿತು.

ರಸಾಯನಿ ಅವರೇ, ನಿಮ್ಮ ವಿಷಯಕ್ಕೆ ಬರ್ತೀನಿ. ಒಂದೇ ಪ್ರಶ್ನೆ. ಆ ಬಾಟಲಿಯನ್ನು ಅಲ್ಲಾಡಿಸದೆ ಕೆಲವು ದಿನ ಇಟ್ಟಿದ್ದೀರಾ? ಪುಡಿ ಯಾವ ಕಡೆ ಸೇರಿದೆ, ಮೇಲೋ ಕೆಳಗೋ?

ಅಡ್ಡಪ್ರಶ್ನೆ
ತೂತಿನ ಪುಡಿಯನ್ನು ಎಣ್ಣೆಗೆ ಹಾಕಿದರೆ ಅದು ಗಂಜಿ ಅಷ್ಟೇ. 'ಪೋರಸ್ ಲಿಕ್ವಿಡ್' ಅಂತ ದೊಡ್ಡ ಹೆಸರು ಯಾಕೆ? ನಮ್ಮ ಕಾಲದಲ್ಲಿ ಸ್ಲರಿ ಅಂತಿದ್ದೆವು.

ಬೆಲ್‌ಫಾಸ್ಟ್_ಮಳೆ
ಅಡ್ಡಪ್ರಶ್ನೆಯವರೇ, ಅರ್ಧ ಒಪ್ಪುತ್ತೇನೆ. 2007ರ ಬರಹದಲ್ಲೇ ಮೂರು ಬಗೆ ಹೇಳಿದ್ದರು: ಅಣುವೇ ದ್ರವವಾಗಿದ್ದು ಅದರಲ್ಲೇ ತೂತಿರುವುದು, ತೂತಿನ ಅಣು ದ್ರಾವಕದಲ್ಲಿ ಕರಗಿರುವುದು, ತೂತಿನ ಹರಳು ದ್ರವದಲ್ಲಿ ತೇಲಾಡುವುದು. ರಸಾಯನಿಯವರದ್ದು ಮೂರನೆಯದು. ಮೊದಲ ಎರಡು ನೋಡಲು ಚೆಂದ, ಮಾಡಲು ಕಷ್ಟ. 2015ರ ಆ ಕ್ರೌನ್ ಪಂಜರ ಕಟ್ಟಲು ಎಷ್ಟೋ ಮೆಟ್ಟಿಲಿನ ಕೆಲಸ. ಮೂರನೆಯದಕ್ಕೆ ಪುಡಿ, ಎಣ್ಣೆ, ಮಿಕ್ಸರ್ ಸಾಕು. 2020ರಲ್ಲಿ ಇದೇ ಗುಂಪು ಸಿಲಿಕೋನ್ ಎಣ್ಣೆ, ಪಾಲಿಎಥಿಲೀನ್ ಗ್ಲೈಕಾಲ್, ಕೊನೆಗೆ ಅಡುಗೆಎಣ್ಣೆಯ ಜಾತಿಯ ಟ್ರೈಗ್ಲಿಸರೈಡ್‌ಗಳಲ್ಲೂ ಇದನ್ನು ಮಾಡಿ ತೋರಿಸಿತು. ಪುಡಿಯ ಮೈಗೆ ಬೇರೆ ಏನೂ ಲೇಪ ಕೊಡಬೇಕಾಗಿಲ್ಲ ಅನ್ನುವುದೂ ಗೊತ್ತಾಯಿತು.

ಗಂಜಿಗೂ ಇದಕ್ಕೂ ವ್ಯತ್ಯಾಸ ಒಂದೇ: ಒಳಗೆ ತೂತು ಖಾಲಿ ಇದೆಯಾ ಇಲ್ಲವಾ. ಅದನ್ನು ತೋರಿಸದಿದ್ದರೆ ನೀವು ಹೇಳಿದ ಹಾಗೆ ಗಂಜಿಯೇ.

ಸುಮ್ನೆ_ಓದುಗ
ಕಣ್ಣಿಗೆ ಕಾಣದ ತೂತು ಖಾಲಿ ಇದೆ ಅಂತ ತೋರಿಸುವುದು ಹೇಗೆ?

ಬೆಲ್‌ಫಾಸ್ಟ್_ಮಳೆ
2015ರಲ್ಲೇ ಒಂದು ಮಜಾ ಪರೀಕ್ಷೆ ಮಾಡಿದ್ದರು. ಬೇರೆ ಒಂದು ಬಗೆಯ ಪಂಜರಗಳನ್ನು ಹೆಕ್ಸಾಕ್ಲೋರೊಪ್ರೊಪೀನ್‌ನಲ್ಲಿ ಕರಗಿಸಿ ಅದಕ್ಕೆ ಅನಿಲ ಕುಡಿಸಿದರು. ಆಮೇಲೆ ಸ್ವಲ್ಪ ಕ್ಲೋರೊಫಾರ್ಮ್ ಹಾಕಿದರು. ಕ್ಲೋರೊಫಾರ್ಮ್ ಕಿಟಕಿಯಲ್ಲಿ ತೂರುವಷ್ಟು ಸಣ್ಣದು. ಅದು ಒಳಗೆ ಹೋಗಿ ಅನಿಲವನ್ನು ಹೊರಗೆ ದಬ್ಬಿತು, ಗುಳ್ಳೆ ಎದ್ದವು. ಅದರ ಬದಲು ಕಿಟಕಿಗಿಂತ ದಪ್ಪದ ಅಣುವಿನ ದ್ರವ ಹಾಕಿದರೆ ಗುಳ್ಳೆ ಇಲ್ಲ. ಬಾಡಿಗೆ ಮನೆ ಖಾಲಿ ಮಾಡಿಸಿದ ಹಾಗೆ. ಇದಲ್ಲದೆ ಪಾಸಿಟ್ರಾನ್ (ಎಲೆಕ್ಟ್ರಾನಿನ ವಿರುದ್ಧ ಕಣ) ಬಿಟ್ಟು ಅದು ಎಷ್ಟು ಹೊತ್ತು ಬದುಕುತ್ತೆ ಅಂತ ನೋಡುವ ವಿಧಾನವೂ ಇದೆ. ಖಾಲಿ ಜಾಗ ದೊಡ್ಡದಿದ್ದಷ್ಟೂ ಅದರ ಆಯಸ್ಸು ಜಾಸ್ತಿ. ಆದರೆ ರಸಾಯನಿಯವರಿಗೆ ಅಷ್ಟೆಲ್ಲ ಬೇಡ. ಬಾಟಲಿ ನೋಡಿ ಸಾಕು.

ಹಳೇ_ಪಂಪು
ನಾನು 31 ವರ್ಷ ಅಮೋನಿಯಾ ಪ್ಲಾಂಟ್‌ನಲ್ಲಿ ಕೆಲಸ ಮಾಡಿ ನಿವೃತ್ತ ಆದವನು. ಅನಿಲದಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯುವುದೇ ನಮ್ಮ ದಿನದ ಪಾಡು. ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ ಅಂತ ಹೊರಗಿನವರಿಗೆ ಸ್ವಲ್ಪ ಹೇಳುತ್ತೇನೆ.

ಅಮೈನ್ ಎಂಬ ಸಾರಜನಕದ ರಾಸಾಯನಿಕದಿಂದ ಅನಿಲ ತೊಳೆಯುವ ವಿಧಾನಕ್ಕೆ 1930ರಲ್ಲೇ ಪೇಟೆಂಟ್ ಆಗಿದೆ. ಈಗಲೂ ಅದೇ ರಾಜ. ಮೊನೊಎಥನಾಲಮೈನ್ 30 ಪಾಲು, ನೀರು 70 ಪಾಲು. ಮೇಲಿನಿಂದ ಸುರಿಯುತ್ತೀರಿ, ಕೆಳಗಿನಿಂದ ಅನಿಲ ಬರುತ್ತದೆ, ಸಿಒ2 ಗಬಕ್ ಅಂತ ಹಿಡಿಯುತ್ತದೆ. ಹಿಡಿಯುವುದೇನೋ ಸರಿ, ಬಿಡಿಸುವುದು ಕಷ್ಟ. ರಾಸಾಯನಿಕವಾಗಿ ಕಟ್ಟಿಕೊಂಡಿರುತ್ತದೆ, ಮೋಲ್‌ಗೆ ಸುಮಾರು 85 ಕಿಲೋಜೂಲ್. 120 ಡಿಗ್ರಿಗೆ ಕುದಿಸಬೇಕು. ಜೊತೆಗೆ ಇರುವ 70 ಪಾಲು ನೀರನ್ನೂ ಸುಮ್ಮನೆ ಬಿಸಿ ಮಾಡಬೇಕು. ಸ್ಟೀಮಿನ ಬಿಲ್ ನೋಡಿದರೆ ಮ್ಯಾನೇಜರ್ ಮುಖ ಹುಳ್ಳಗಾಗುತ್ತಿತ್ತು. ಕಬ್ಬಿಣ ತಿನ್ನುತ್ತದೆ, ಅದು ಬೇರೆ.

ಗಟ್ಟಿ ಪುಡಿಯ ಬೆಡ್ ಇಟ್ಟರೆ ಬಿಡಿಸುವುದು ಸುಲಭ. ಆದರೆ ಪುಡಿಯನ್ನು ಪಂಪ್ ಮಾಡಲು ಬರುವುದಿಲ್ಲ. ಎರಡು-ನಾಲ್ಕು ಗೋಪುರ ಇಟ್ಟು, ಒಂದು ಹೀರುವಾಗ ಇನ್ನೊಂದು ಬಿಡಬೇಕು, ವಾಲ್ವ್ ತಿರುಗಿಸುತ್ತಲೇ ಇರಬೇಕು. ಬಿಸಿ ದ್ರವದ ಶಾಖವನ್ನು ತಣ್ಣನೆಯದಕ್ಕೆ ದಾಟಿಸುವ ಸುಖ ಇಲ್ಲ. ದ್ರವಕ್ಕೇ ತೂತು ಬಂದರೆ ಪುಡಿಯ ಸುಲಭ, ದ್ರವದ ಓಟ, ಎರಡೂ ಸಿಗುತ್ತದೆ. ಇದು ಆಸೆ. ಪ್ಲಾಂಟ್‌ನಲ್ಲಿ ನಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಕೊಟ್ಟಿಗೆಮನೆ
ಶಿರಸಿ ಕಡೆಯವನು. 40 ದನ, ದೊಡ್ಡ ಗೋಬರ್ ಗ್ಯಾಸ್ ಗುಂಡಿ ಇದೆ. ಗ್ಯಾಸಲ್ಲಿ ಹತ್ತಿರ ಹತ್ತಿರ 40 ಪಾಲು ಕಾರ್ಬನ್ ಡೈಆಕ್ಸೈಡೇ. ಅದನ್ನು ತೆಗೆದು ಸಿಲಿಂಡರಿಗೆ ತುಂಬಿದರೆ ಗಾಡಿ ಓಡಿಸಬಹುದು ಅಂತ ಆಸೆ. ಹೋದ ವರ್ಷ ಒಬ್ಬ ಬಂದು 'ಪ್ಯೂರಿಫೈಯರ್' ಅಂತ ಒಂದು ಡಬ್ಬಿ ಮಾರಿ ಹೋದ. ಒಳಗೆ ಬಿಳಿ ಕಾಳು. 20 ದಿನಕ್ಕೆ ಒದ್ದೆಯಾಗಿ ಕೆಸರಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಈ ತೂತಿನ ಎಣ್ಣೆ ಲೀಟರ್ ಲೆಕ್ಕದಲ್ಲಿ ಸಿಗುತ್ತದಾ?

ಹಳೇ_ಪಂಪು
ಯಜಮಾನರೇ, ಆ ಕಾಳು ಜಿಯೋಲೈಟ್ ಎಂಬ ತೂತಿನ ಖನಿಜ ಇರಬೇಕು. ಒಣ ಗ್ಯಾಸಿಗೆ ಅದು ಬಹಳ ಚೆನ್ನಾಗಿ ಸಿಒ2 ಹಿಡಿಯುತ್ತದೆ. ನೀರಿನ ಆವಿ ಬಂತೆಂದರೆ ಮೊದಲು ನೀರನ್ನೇ ತಬ್ಬಿಕೊಳ್ಳುತ್ತದೆ. ಗೋಬರ್ ಗ್ಯಾಸ್ ಅಂದರೆ ಒದ್ದೆ ಗ್ಯಾಸ್.

ಒಲೆ ಉರಿಸಲು ಸಿಒ2 ತೆಗೆಯುವ ಅಗತ್ಯ ಇಲ್ಲ. ಎಂಜಿನ್ನಿಗೂ ಬೇಕಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಹಳ್ಳಿಯಲ್ಲಿ ನಮ್ಮ ಐಐಎಸ್‌ಸಿಯವರು 1987ರಲ್ಲಿ ಊರಿನ ಸಗಣಿ ಗ್ಯಾಸನ್ನು ಡೀಸೆಲ್ ಜೊತೆ ಸೇರಿಸಿ ಎಂಜಿನ್ ಓಡಿಸಿ ಮನೆಗಳಿಗೆ ಬೆಳಕು ಕೊಟ್ಟಿದ್ದರು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದೆಯಲ್ಲ, ಅದನ್ನು ಮಾತ್ರ ತೆಗೆಯಿರಿ, ತುಕ್ಕು ಹಿಡಿದ ಕಬ್ಬಿಣದ ಚೂರು ಸಾಕು. ಗಾಡಿಗೆ ತುಂಬುವುದಾದರೆ ಐಎಸ್ 16087 ಎಂಬ ಭಾರತೀಯ ಮಾನಕದ ಪ್ರಕಾರ ಮೀಥೇನ್ ಕನಿಷ್ಠ 90 ಪಾಲು ಇರಬೇಕು, ಒತ್ತಡ 200 ಬಾರ್ ಹತ್ತಿರ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಅಡುಗೆ ಸಿಲಿಂಡರಿಗೆ ತುಂಬಲು ಹೋಗಬೇಡಿ ದಯವಿಟ್ಟು.

ಬೆಲ್‌ಫಾಸ್ಟ್_ಮಳೆ
ತೂತಿನ ಎಣ್ಣೆ ಸದ್ಯಕ್ಕೆ ಲೀಟರ್ ಲೆಕ್ಕದಲ್ಲಿ ನಿಮ್ಮೂರಿಗೆ ಬರಲ್ಲ, ಕೊಟ್ಟಿಗೆಮನೆಯವರೇ. ಗೋಬರ್ ಗ್ಯಾಸ್ ಶುದ್ಧ ಮಾಡುವವರಲ್ಲಿ ಎಷ್ಟೋ ಜನ ಒತ್ತಡದಲ್ಲಿ ನೀರಿನಿಂದಲೇ ತೊಳೆಯುತ್ತಾರೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಒಂದೂವರೆ ಗ್ರಾಂ ಹತ್ತಿರ ಸಿಒ2 ಹಿಡಿಯುತ್ತೆ. ಕಡಿಮೆಯೇ. ಆದರೆ ಮೀಥೇನ್ ಅದರಲ್ಲಿ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಕರಗುತ್ತೆ. ನೀರಿನ ಹೊಟ್ಟೆ ಸಣ್ಣದು, ನಾಲಿಗೆ ಚುರುಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರಸಾಯನಿ
ಬಾಟಲಿ ನೋಡಿದೆ. ನಾಲ್ಕು ದಿನದಿಂದ ಶೆಲ್ಫಿನಲ್ಲೇ ಇತ್ತು. ತಳದಲ್ಲಿ ಬೆರಳು ದಪ್ಪದ ಬಿಳಿ ಪದರ. ಮೇಲೆ ಎಣ್ಣೆ ತಿಳಿಯಾಗಿದೆ. ಕೆಟ್ಟದ್ದಾ?

ಬೆಲ್‌ಫಾಸ್ಟ್_ಮಳೆ
ಸಿಕ್ಕಿಬಿತ್ತು. ಸಿಲಿಕೋನ್ ಎಣ್ಣೆಯ ಸಾಂದ್ರತೆ 0.96ರ ಹತ್ತಿರ. ಜಿಫ್-8 ಹರಳು, ತೂತು ಖಾಲಿ ಇದ್ದರೆ, 0.92ರಿಂದ 0.95. ಅಂದರೆ ಎಣ್ಣೆಗಿಂತ ಕೂದಲೆಳೆಯಷ್ಟು ಹಗುರ. ಅದು ಮುಳುಗಲೇಬಾರದು. ಮುಳುಗಿದೆ ಅಂದರೆ ತೂತಿನಲ್ಲಿ ಏನೋ ತುಂಬಿದೆ. ಎಣ್ಣೆ ತುಂಬಿದ್ದರೆ 1.4ರ ಮೇಲೆ ಹೋಗುತ್ತೆ, ಮೆಥನಾಲ್ ತುಂಬಿದ್ದರೂ ಹೆಚ್ಚು ಕಡಿಮೆ ಅಲ್ಲೇ.

ನನಗೆ ಅನುಮಾನ ಎಣ್ಣೆಯ ಮೇಲಲ್ಲ, ನಿಮ್ಮ 60 ಡಿಗ್ರಿ ಓವನ್ ಮೇಲೆ. ಸಿಲಿಕೋನ್ ಎಣ್ಣೆ ಉದ್ದದ ಸರಪಳಿ, ಜಿಫ್-8ರ ಕಿಟಕಿ ಬರೀ 3.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಅದು ನುಗ್ಗುವುದು ಕಷ್ಟ. ಪುಡಿ ಕೈಗೆ ಒಣಗಿದ ಹಾಗೆ ಅನಿಸುತ್ತೆ, ಆದರೆ ಒಳಗಿನ 11.6 ಆಂಗ್‌ಸ್ಟ್ರಾಮ್ ಕೋಣೆಯಲ್ಲಿ ಮೆಥನಾಲ್ ಹಾಯಾಗಿ ಕೂತಿರುತ್ತೆ. ವ್ಯಾಕ್ಯೂಮ್ ಓವನ್ನಿನಲ್ಲಿ 150 ಡಿಗ್ರಿ, ರಾತ್ರಿಯಿಡೀ. ತೆಗೆದ ಮೇಲೆ ಗಾಳಿಗೆ ಬಿಡದೆ ನೇರ ಒಣಗಿದ ಎಣ್ಣೆಗೆ ಹಾಕಿ.

ರಸಾಯನಿ
ಅಯ್ಯೋ. ನಮ್ಮ ವ್ಯಾಕ್ಯೂಮ್ ಓವನ್ ಕೆಟ್ಟು ಎರಡು ತಿಂಗಳಾಯ್ತು. ಅದಕ್ಕೇ ಮಾಮೂಲಿ ಓವನ್ನಿನಲ್ಲಿ ಇಟ್ಟಿದ್ದೆ. ಪಕ್ಕದ ಲ್ಯಾಬಿನಲ್ಲಿ ಕೇಳುತ್ತೇನೆ.

ಅಡ್ಡಪ್ರಶ್ನೆ
ಸರಿ, ತೂತು ಖಾಲಿಯಾಯಿತು ಅಂದುಕೊಳ್ಳೋಣ. 5ರ ಬದಲು 13 ಮಿಲಿಮೋಲ್ ಬಂತು. ಚಪ್ಪಾಳೆ. ಆದರೆ ಮೀಥೇನ್ ಎಷ್ಟು ಹೀರುತ್ತೆ? ತಲೆಬರಹದಲ್ಲಿ ಎಲ್ಲರೂ 'ಆಯ್ದು ಹೀರುತ್ತೆ' ಅಂತ ಬರೆಯುತ್ತಾರೆ. ಕಾರ್ಬನ್ ಡೈಆಕ್ಸೈಡ್ 3.3 ಆಂಗ್‌ಸ್ಟ್ರಾಮ್, ಮೀಥೇನ್ 3.8, ಕಿಟಕಿ 3.4. ಕಾಗದದ ಮೇಲೆ ಜರಡಿ. ನಿಜದಲ್ಲಿ?

ಬೆಲ್‌ಫಾಸ್ಟ್_ಮಳೆ
ಈ ಪ್ರಶ್ನೆಗೇ ಕಾಯುತ್ತಿದ್ದೆ. ಜಿಫ್-8ರ ಕಿಟಕಿಗೆ ಬಾಗಿಲ ರೆಕ್ಕೆ ಇದೆ ಅಂದುಕೊಳ್ಳಿ. ಇಮಿಡಜೋಲ್ ಉಂಗುರಗಳು ಅಲ್ಲಾಡುತ್ತವೆ, ಮೀಥೇನ್ ನೂಕಿಕೊಂಡು ಒಳಗೆ ಹೋಗುತ್ತೆ. 1 ಬಾರ್‌ನಲ್ಲಿ ಮೀಥೇನ್ ಒಂದು ಪಾಲು ಹೋದರೆ ಸಿಒ2 ಸುಮಾರು ಮೂರು ಪಾಲು, ಅಷ್ಟೇ. ಸಿಲಿಕೋನ್ ಎಣ್ಣೆಯದ್ದೂ ಸರಿಸುಮಾರು ಅದೇ ಮೂರು ಪಟ್ಟು. ಎರಡನ್ನೂ ಸೇರಿಸಿದರೆ?

ಸುಮ್ನೆ_ಓದುಗ
ಮೂರೇ!

ಬೆಲ್‌ಫಾಸ್ಟ್_ಮಳೆ
ಮೂರೇ. ಹೊಟ್ಟೆ ದೊಡ್ಡದಾಯಿತು, ನಾಲಿಗೆ ಅದೇ ಉಳಿಯಿತು. ಗೋಬರ್ ಗ್ಯಾಸಿಗೆ ಇದು ನೀರಿಗಿಂತ ಕಡೆ. ಮೀಥೇನನ್ನೂ ಸಾಕಷ್ಟು ನುಂಗಿ ಕೂರುತ್ತೆ.

ಈ ದ್ರವ ರೂಪಿಸುವವರು ಎಡವುವುದು ಇಲ್ಲೇ. ಹರಳಿನ ಗುಣ ನೋಡಿ ಹರಳು ಆರಿಸುತ್ತಾರೆ, ಎಣ್ಣೆ ಅಂದರೆ ಬರೀ ಸಾಗಿಸುವ ಗಾಡಿ ಅಂದುಕೊಳ್ಳುತ್ತಾರೆ. 10 ಗ್ರಾಂ ಹರಳಿದ್ದರೆ 90 ಗ್ರಾಂ ಎಣ್ಣೆ ಇದೆ, ಅದೂ ತನ್ನ ಪಾಲಿಗೆ ಹೀರುತ್ತೆ. ತೂತಿಗೆ ಹೋಗುವ ಅನಿಲ ಎಣ್ಣೆ ದಾಟಿಯೇ ಹೋಗಬೇಕು. ಕಡೆಗೆ ಎಷ್ಟು ಕೂರುತ್ತೆ ಅನ್ನುವುದರಲ್ಲಿ ಇಬ್ಬರ ಪಾಲೂ ಇದೆ.

2014ರಲ್ಲಿ ಚೀನಾದ ಒಂದು ಗುಂಪು ಇದೇ ಜಿಫ್-8 ತೆಗೆದುಕೊಂಡಿತು. ಸಿಲಿಕೋನ್ ಬದಲು ಗ್ಲೈಕಾಲ್, ಅದಕ್ಕೆ 2-ಮೀಥೈಲ್‌ಇಮಿಡಜೋಲ್ ಬೆರಕೆ. ಗ್ಲೈಕಾಲ್‌ನಲ್ಲಿ ಮೀಥೇನ್ ಕರಗುವುದೇ ಕಡಿಮೆ, ಇಮಿಡಜೋಲ್ ಸಿಒ2 ಅನ್ನು ಕೈಬೀಸಿ ಕರೆಯುತ್ತೆ. 1 ಬಾರ್‌ನಲ್ಲಿ ಲೀಟರಿಗೆ 1.25 ಮೋಲ್, ಅಂದರೆ 55 ಗ್ರಾಂ ಸಿಒ2 ಹಿಡಿಯಿತು. ಬಿಡಿಸಲು ಮೋಲ್‌ಗೆ 29 ಕಿಲೋಜೂಲ್ ಮಾತ್ರ. ಹಳೇ ಪಂಪು ಸರ್ ಹೇಳಿದ 85ರ ಪಕ್ಕ ಇಟ್ಟು ನೋಡಿ. ಹರಳು ಅದೇ, ದ್ರವ ಬದಲಾಯಿತು.

ರಸಾಯನಿ
ಹಾಗಾದರೆ ಒಳ್ಳೆ ನಾಲಿಗೆಯ ಹರಳು, ಒಳ್ಳೆ ನಾಲಿಗೆಯ ದ್ರವ, ಎರಡೂ ಆರಿಸಿದರೆ ಆಯಿತಲ್ವಾ? ಜಿಯೋಲೈಟ್ 13ಎಕ್ಸ್ ಹಾಕಿದರೆ?

ಬೆಲ್‌ಫಾಸ್ಟ್_ಮಳೆ
13ಎಕ್ಸ್‌ನ ಕಿಟಕಿ 7 ಆಂಗ್‌ಸ್ಟ್ರಾಮ್ ಮೇಲೆ. ತೆಳು ದ್ರವಗಳು ನುಗ್ಗಿಬಿಡುತ್ತವೆ. ನುಗ್ಗದಂತೆ ದಪ್ಪ ಅಣುವಿನ ದ್ರವ ಹಾಕಿದರೆ ಬೆಲ್ಲದ ಪಾಕದ ಹಾಗೆ ಗಟ್ಟಿ. ಕಿಟಕಿ ಸಣ್ಣದು ಮಾಡಿದರೆ ಅನಿಲ ಹೋಗುವುದೂ ನಿಧಾನ. ಅಲ್ಯೂಮಿನಿಯಂ ಫ್ಯೂಮರೇಟ್ ಅನ್ನುವ ಇನ್ನೊಂದು ತೂತಿನ ಹರಳು ಅಗ್ಗ, ನೀರು ತಡೆಯುತ್ತೆ, ಸಿಒ2 ಕಡೆ ಜಿಫ್-8ಕ್ಕಿಂತ ಒಲವು ಜಾಸ್ತಿ. ನಾನಾದರೆ ಮುಂದೆ ಅದನ್ನು ನೋಡುತ್ತಿದ್ದೆ. ಜಿಫ್-8 ಅಂತೂ ಒದ್ದೆ ಆಮ್ಲ ಅನಿಲ ಸಿಕ್ಕರೆ ಕೊರೆದು ಹೋಗುತ್ತೆ. ಕೊಟ್ಟಿಗೆಮನೆಯವರ ಮೊಟ್ಟೆ ವಾಸನೆಗೆ ಅದು ಬಾಳಲ್ಲ.

ಅಡ್ಡಪ್ರಶ್ನೆ
ಎಲ್ಲರ ಮನೆ ದೋಸೆಯೂ ತೂತೇ ಅನ್ನಿ. ಇಲ್ಲಿ ತೂತಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಒಂದು ವಿಷಯ ತಿದ್ದಬೇಕು. ನೀವು ಬರೀ ಗಾತ್ರದ ಮಾತೇ ಆಡುತ್ತಿದ್ದೀರಿ, ಅಡಿಕೆ ದಪ್ಪ, ಸೀಳು ಸಣ್ಣ ಅಂತ. 2022ರಲ್ಲಿ ಹಾರ್ವರ್ಡ್‌ನವರು ನೀರಿನಲ್ಲೇ ತೂತು ಮಾಡಿ ತೋರಿಸಿದರಲ್ಲ? ನೀರಿನ ಅಣುವಿಗಿಂತ ಸಣ್ಣ ಅಡಿಕೆ ಯಾವುದಿದೆ? ಎಲ್ಲ ಕಿಟಕಿಯಲ್ಲೂ ತೂರುತ್ತೆ.

ಬೆಲ್‌ಫಾಸ್ಟ್_ಮಳೆ
ಒಪ್ಪಿದೆ, ನನ್ನ ಹುಂಡಿ ಕಥೆ ಅಲ್ಲಿ ಸೋಲುತ್ತೆ. ಅವರು ಬಳಸಿದ್ದು ಸಿಲಿಕಲೈಟ್-1, ಒಳಗೋಡೆಗೆ ನೀರು ಕಂಡರಾಗದ ಜಿಯೋಲೈಟ್. ನೀರು ಒಳಗೆ ಹೋಗಬಲ್ಲದು, ಆದರೆ ಹೋಗಲು ಮನಸ್ಸಿಲ್ಲ. ಹೊರಗೆ ತನ್ನವರ ಕೈ ಹಿಡಿದು ನಿಂತಿರುವುದೇ ಅದಕ್ಕೆ ಲಾಭ. ಕೆಸುವಿನ ಎಲೆ ಮೇಲಿನ ಹನಿ ಇದೆಯಲ್ಲ, ಹಾಗೆ. ಆಕ್ಸಿಜನ್‌ಗೆ ಆ ಹಠ ಇಲ್ಲ, ಅದು ಒಳಗೆ ಹೋಗಿ ಕೂರುತ್ತೆ. ಅವರ ಕಣ್ಣು ಇದ್ದದ್ದು ದೇಹದೊಳಗೆ ಆಕ್ಸಿಜನ್ ಒಯ್ಯುವ ದ್ರವದ ಮೇಲೆ.

ಹಳೇ_ಪಂಪು
ನಾನು ಒಂದು ಮಾತು ಸೇರಿಸಿ ಸುಮ್ಮನಾಗುತ್ತೇನೆ. ಎಷ್ಟು ಹೀರಿತು ಅಂತ ಎಲ್ಲರೂ ಬರೆಯುತ್ತೀರಿ. ಎಷ್ಟು ಬಿಟ್ಟಿತು ಅಂತ ಬರೆಯಿರಿ. ನಮಗೆ ಬೇಕಾಗುವುದು ಹೀರಿದ್ದಕ್ಕೂ ಬಿಟ್ಟಮೇಲೆ ಉಳಿದದ್ದಕ್ಕೂ ಇರುವ ವ್ಯತ್ಯಾಸ. ಆಮೇಲೆ ಸ್ನಿಗ್ಧತೆ. ಹರಳು 10 ಪಾಲಿನಿಂದ 30 ಪಾಲಿಗೆ ಏರಿಸಿದರೆ ಹೀರುವುದು ಜಾಸ್ತಿಯಾಗುತ್ತದೆ ಸರಿ, ಅದು ದೋಸೆಹಿಟ್ಟಿನ ಹದ ದಾಟಿ ಇಡ್ಲಿಹಿಟ್ಟಾದರೆ ಗೋಪುರದಲ್ಲಿ ಇಳಿಯುವುದೇ ಇಲ್ಲ. ಪಂಪಿನ ಸೀಲಿಗೆ ಹರಳಿನ ಪುಡಿ ಅಂದರೆ ಮರಳುಕಾಗದ. ನೂರು ಸಲ ಹೀರಿಸಿ ಬಿಡಿಸಿದ ಮೇಲೆ ಬಾಟಲಿ ಹೇಗಿದೆ ಅಂತ ಒಂದು ಫೋಟೋ ಹಾಕಿದರೆ ನನಗೆ ಸಂತೋಷ.

ಸುಮ್ನೆ_ಓದುಗ
2025ರ ನೊಬೆಲ್ ಬಂತಲ್ಲ, ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ. ಈ ಜಿಫ್-8 ಅದೇ ಮಾಫ್ ಕುಟುಂಬದ್ದಾ?

ಬೆಲ್‌ಫಾಸ್ಟ್_ಮಳೆ
ಅದೇ. ಲೋಹದ ಗಂಟು, ಸಾವಯವ ಕಡ್ಡಿ. ಜಿಫ್-8ರಲ್ಲಿ ಗಂಟು ಸತು.

ಕೊಟ್ಟಿಗೆಮನೆ
ತುಕ್ಕಿನ ಚೂರು ಒಂದು ಪೈಪಿಗೆ ತುಂಬಿ ಇಟ್ಟಿದ್ದೇನೆ, ವಾಸನೆ ಹೋಗಿದೆ. ಗಾಡಿ ಆಸೆ ಸದ್ಯಕ್ಕೆ ಬಿಟ್ಟೆ. ತಂಗೀ, ನಿನ್ನ ಬಾಟಲಿ ಏನಾಯಿತು?

ರಸಾಯನಿ
ಒಂಬತ್ತು ದಿನ ಆಯಿತು, ಕ್ಷಮಿಸಿ ಅಣ್ಣಾ. ಪಕ್ಕದ ಲ್ಯಾಬಿನವರು ಓವನ್ ಕೊಟ್ಟರು. 150 ಡಿಗ್ರಿ, 14 ಗಂಟೆ. ಪುಡಿಯನ್ನು ಮೊದಲೇ ತೂಗಿದ್ದೆ, ಹೊರಗೆ ತೆಗೆದಾಗ ಐದನೇ ಒಂದು ಭಾಗ ತೂಕ ಇಳಿದಿತ್ತು! ಅಷ್ಟೂ ಮೆಥನಾಲ್. ನೋಡಲು ಮಾತ್ರ ಎರಡೂ ಪುಡಿ ಒಂದೇ ಥರ.

ಬೆರೆಸಿ ಅಳೆದೆ. 12.1 ಮಿಲಿಮೋಲ್. ಒತ್ತಡ ಇಳಿಸಿ, ಮತ್ತೆ ತುಂಬಿಸಿ ಐದು ಸಲ ಮಾಡಿದೆ. 11.8ಕ್ಕಿಂತ ಕೆಳಗೆ ಬರಲಿಲ್ಲ. ಪಂಪು ಸರ್, ನೂರು ಆಗಿಲ್ಲ, ಬಯ್ಯಬೇಡಿ. ಮೀಥೇನ್ ಸಹ ಅಳೆದೆ. ಅಡ್ಡಪ್ರಶ್ನೆ ಸರ್ ಅನುಮಾನವೇ ಸರಿ, ಮೂರು ಪಟ್ಟಿನ ಆಸುಪಾಸೇ ಬಂತು. ಅಲ್ಯೂಮಿನಿಯಂ ಫ್ಯೂಮರೇಟ್‌ಗೆ ಆರ್ಡರ್ ಹಾಕಿದ್ದೇನೆ.

ಕೊನೆಗೆ ಬಾಟಲಿ. ನಾಲ್ಕು ದಿನ ಕಾಯಲು ತಾಳ್ಮೆ ಇರಲಿಲ್ಲ. ಸ್ವಲ್ಪ ತೆಗೆದು ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿದೆ. ಎಷ್ಟೋ ವರ್ಷದಿಂದ ಸೆಂಟ್ರಿಫ್ಯೂಜ್ ಬಳಸುತ್ತಿದ್ದೇನೆ, ಮುಚ್ಚಳ ತೆಗೆದು ಅಭ್ಯಾಸಬಲದಿಂದ ಟ್ಯೂಬಿನ ತಳ ನೋಡಿದೆ. ಏನೂ ಇಲ್ಲ. ಪುಡಿ ಹಾಕುವುದನ್ನೇ ಮರೆತೆನಾ ಅಂತ ಎದೆ ಧಸಕ್ ಅಂತು. ಆಮೇಲೆ ಮೇಲೆ ನೋಡಿದರೆ, ಹಾಲಿನ ಕೆನೆ ಕಟ್ಟಿದ ಹಾಗೆ ಬೆಳ್ಳಗೆ ತೇಲುತ್ತಿತ್ತು.